ಕಾರಿನ ಡಿಕ್ಕಿಗೆ ನೀರು ಬರ್ತಿದೆಯಾ? ಮೊದಲು ತೂತು ಹುಡುಕಿ, ಸಿಲಿಕೋನ್ ಆಮೇಲೆ

ಡಿಕ್ಕಿ ತೆಗೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ. ನೀರು ನಿಂತಿದ್ದರೆ ಅಲ್ಲೇ ನಿಂತಿರುತ್ತದೆ. ಹಾಗಂತ ತೂತೂ ಅಲ್ಲೇ ಇದೆ ಅಂದ್ಕೋಬೇಡಿ. ಡಿಕ್ಕಿಯಲ್ಲಿ ತೀರಾ ತಗ್ಗಿನ ಜಾಗ ಅದು, ಎಲ್ಲಿಂದ ನುಗ್ಗಿದ ನೀರಾದರೂ ಕೊನೆಗೆ ಅಲ್ಲಿಗೇ ಇಳಿಯುತ್ತದೆ. ಟಾಪ್ ಮೇಲಿನ ಆಂಟೆನಾ ಬುಡದಲ್ಲಿ ಒಳಗೆ ಬಂದ ನೀರು ಕೂಡ ಲೈನಿಂಗ್ ಹಿಂದೆ ಸದ್ದಿಲ್ಲದೆ ಹರಿದು ಇಲ್ಲಿಗೆ ಬರಬಹುದು. ಅದಕ್ಕೇ ಕಂಡಕಂಡಲ್ಲಿ ಸಿಲಿಕೋನ್ ಮೆತ್ತಿದವರ ಕಾರು ಮುಂದಿನ ಮಳೆಗೂ ಸೋರುತ್ತದೆ.

ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಕಾರ್ಪೆಟ್, ಪಕ್ಕದ ಪ್ಲಾಸ್ಟಿಕ್ ಟ್ರಿಮ್ ಎಲ್ಲಾ ಹೊರಗೆ ಬರಲಿ. ಟ್ರಿಮ್ ಕ್ಲಿಪ್‌ಗಳು ಬೇಗ ಮುರಿಯುತ್ತವೆ, ಜೋರಾಗಿ ಎಳೆಯಬೇಡಿ. ನೀರನ್ನು ಸ್ಪಂಜಿನಲ್ಲಿ ಹೀರಿ ತೆಗೆದು ತಗಡು ಒಣಗಲು ಬಿಡಿ, ಇಲ್ಲದಿದ್ದರೆ ಹಳೇ ತೇವ ಯಾವುದು ಹೊಸ ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಒಣಗಿದ ಮೇಲೆ ಜಾಯಿಂಟ್‌ಗಳ ಉದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿ. ಒಂದು ಹನಿ ಇಳಿದರೂ ಪೌಡರ್ ಮೇಲೆ ಗೆರೆ ಬೀಳುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ಕಳ್ಳ ಸಿಗುತ್ತಾನೆ.

ಈಗ ಹಿಂದಿನ ಸೀಟು ಮಡಚಿ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಸಣ್ಣಗೆ ಬಿಡಬೇಕು. ಪ್ರೆಶರ್ ವಾಷರ್ ಬೇಡ, ಮಳೆ ನೀರು ಎಂದೂ ನುಗ್ಗದ ಜಾಗಕ್ಕೂ ಅದು ನುಗ್ಗಿಸಿ ದಾರಿ ತಪ್ಪಿಸುತ್ತದೆ. ಬಂಪರ್ ಹತ್ತಿರ ಶುರು ಮಾಡಿ, ಆಮೇಲೆ ಟೇಲ್ ಲ್ಯಾಂಪ್, ಡಿಕ್ಕಿ ಬಾಗಿಲಿನ ಸಂದು, ಹಿಂದಿನ ಗಾಜು, ಕೊನೆಗೆ ಟಾಪ್ ಹೀಗೆ ಕೆಳಗಿನಿಂದ ಮೇಲಕ್ಕೆ ಹೋಗಿ, ಒಂದೊಂದು ಕಡೆ ಕೆಲವು ನಿಮಿಷ ನಿಲ್ಲಿ. ಮೇಲಿನಿಂದ ಸುರಿದರೆ ಒಂದೇ ಸಲ ಎಲ್ಲಾ ಒದ್ದೆ, ಏನೂ ತಿಳಿಯುವುದಿಲ್ಲ ಅಲ್ವಾ?

ಟೇಲ್ ಲ್ಯಾಂಪ್ ಮೇಲೆ ಮೊದಲ ಅನುಮಾನ ಇರಲಿ. ಅದರ ಹಿಂದಿನ ಫೋಮ್ ಗ್ಯಾಸ್ಕೆಟ್ ವರ್ಷಗಳು ಕಳೆದಂತೆ ಚಪ್ಪಟೆಯಾಗಿ ಬಿಡುತ್ತದೆ. ನಟ್ ಬಿಚ್ಚಿ ಲ್ಯಾಂಪ್ ಹೊರಗೆ ತೆಗೆದು, ಎರಡೂ ಕಡೆ ಕೊಳೆ ಒರೆಸಿ, ಹೊಸ ಗ್ಯಾಸ್ಕೆಟ್ ಅಥವಾ ಬ್ಯೂಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಹಾಕಿ. ನಟ್‌ಗಳನ್ನು ಸಮವಾಗಿ ಬಿಗಿ ಮಾಡಿ, ಜಾಸ್ತಿ ತಿರುಗಿಸಿದರೆ ಲ್ಯಾಂಪೇ ಸೀಳುತ್ತದೆ.

ಬೀಡಿಂಗ್, ಅಂದರೆ ಡಿಕ್ಕಿ ಬಾಯಿಯ ಸುತ್ತ ಇರುವ ರಬ್ಬರ್ ಅಂಚು, ಅದರ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಅದನ್ನು ಇಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ, ಸುತ್ತಲೂ ಹೀಗೇ ಮಾಡಿ. ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ರಬ್ಬರ್ ಹರಿದಿದ್ದರೆ ಅಥವಾ ಗಟ್ಟಿಯಾಗಿದ್ದರೆ ಬದಲಾಯಿಸಿ. ಚೆನ್ನಾಗಿಯೇ ಇದ್ದರೆ ಅದು ಕೂರುವ ತಗಡಿನ ಅಂಚು ಬಗ್ಗಿದೆಯಾ ನೋಡಿ, ಇಲ್ಲವೇ ಲಾಕ್ ಕೊಂಡಿಯ ಬೋಲ್ಟ್ ಸಡಿಲಿಸಿ ಒಂದೆರಡು ಮಿಲಿಮೀಟರ್ ಕೆಳಗೆ ಸರಿಸಿ. ಸರಿಸುವ ಮುಂಚೆ ಹಳೇ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ. ಅಂದಹಾಗೆ, ಬೀಡಿಂಗ್ ಹೊರಗಿನ ಕಾಲುವೆಯಲ್ಲಿ ನೀರು ಕಂಡರೆ ಗಾಬರಿ ಬೇಡ, ಅದು ನೀರು ಹರಿಯಲೆಂದೇ ಇರುವ ಜಾಗ.

ಆದರೆ ಆ ಕಾಲುವೆಯೊಳಗೆ ತಗಡಿನ ಜಾಯಿಂಟ್ ಮೇಲಿರುವ ಸೀಲರ್ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಸಡಿಲಾದದ್ದನ್ನು ಕೆರೆದು, ಪೂರ್ತಿ ಒಣಗಿಸಿ, ಪಾಲಿಯುರೆಥೇನ್ ಸೀಮ್ ಸೀಲರ್ ತುಂಬಿ. ವಿನೆಗರ್ ವಾಸನೆಯ ಮಾಮೂಲಿ ಸಿಲಿಕೋನ್ ಇಲ್ಲಿ ಬೇಡವೇ ಬೇಡ, ಅದರ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ, ಮೇಲೆ ಪೇಂಟೂ ನಿಲ್ಲುವುದಿಲ್ಲ.

ಬಹಳ ಜನ ನೋಡದೇ ಬಿಡುವ ಜಾಗ ಬಂಪರ್ ಹಿಂದೆ ಇದೆ. ಎಷ್ಟೋ ಕಾರುಗಳಲ್ಲಿ ಒಳಗಿನ ಗಾಳಿ ಹೊರಹೋಗಲು ಅಲ್ಲಿ ರಬ್ಬರ್ ರೆಕ್ಕೆಗಳಿರುವ ವೆಂಟ್ ಇರುತ್ತದೆ. ಅದರ ಸುತ್ತಲಿನ ಸೀಲ್ ಹೋಗಿದ್ದರೆ ಚಕ್ರ ಎರಚುವ ನೀರು ಸೀದಾ ಒಳಗೆ. ನಿಲ್ಲಿಸಿದ ಕಾರು ಮಳೆಯಲ್ಲಿ ಒಣಗಿದ್ದು, ಓಡಿಸಿದಾಗ ಮಾತ್ರ ಒದ್ದೆಯಾದರೆ ಇಲ್ಲೇ ನೋಡಿ. ಸೀಲ್ ಬದಲಿಸಿ, ಆದರೆ ವೆಂಟನ್ನೇ ಮುಚ್ಚಿಬಿಡಬೇಡಿ. ಮುಚ್ಚಿದರೆ ಗಾಜಿಗೆ ಮಂಜು ಹಿಡಿಯುತ್ತದೆ, ಬಾಗಿಲು ಹಾಕುವುದೂ ಬಿಗಿಯಾಗುತ್ತದೆ.

ಮಳೆಯೇ ಇಲ್ಲದೆ ಒದ್ದೆಯಾಗುವ ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಪೈಪ್ ಕಳಚಿದೆಯಾ ನೋಡಿ. ಮೇಲಿನ ಬ್ರೇಕ್ ಲೈಟ್, ವೈರ್ ಹೋಗುವ ರಬ್ಬರ್ ಗ್ರೊಮೆಟ್ ಕೂಡ ಒಮ್ಮೆ ಪರೀಕ್ಷಿಸಿ. ಹಿಂದಿನ ಗಾಜಿನ ಅಂಟೇ ಬಿಟ್ಟಿದ್ದರೆ ಸುಮ್ನೆ ಕೈ ಹಾಕಬೇಡಿ, ಗಾಜಿನ ಕೆಲಸದವರಿಗೇ ಕೊಡಿ.

ಸ್ಟೆಪ್ನಿ ಗುಂಡಿಯ ರಬ್ಬರ್ ಮುಚ್ಚಳ ತೆಗೆದಿಟ್ಟರೆ ನೀರು ಇಳಿದು ಹೋಗುತ್ತದೆ, ನಿಜ. ಆದರೆ ಓಡಿಸುವಾಗ ರಸ್ತೆಯ ಕೆಸರು ನೀರು ಅದೇ ತೂತಿನಿಂದ ಮೇಲೆ ಬರುತ್ತದೆ, ಹಾಗಾಗಿ ಅದು ರಿಪೇರಿ ಅಲ್ಲ.

ಸೀಲ್ ಮಾಡಿದ ಮೇಲೆ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಮತ್ತೆ ಪೈಪ್ ಹಿಡಿಯಿರಿ. ಒಂದು ತೂತು ಮುಚ್ಚಿದ ಮೇಲೆ ಎರಡನೆಯದು ಗೊತ್ತಾಗುವುದೂ ಉಂಟು. ಎದ್ದ ತುಕ್ಕನ್ನು ಉಜ್ಜಿ ಪ್ರೈಮರ್, ಪೇಂಟ್ ಹೊಡೆಯಿರಿ. ಕಾರ್ಪೆಟ್ ಅಡಿಯ ಫೋಮ್ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ನೀರು ಇಟ್ಟುಕೊಂಡಿರುತ್ತದೆ, ಹಿಂಡಿ ನೋಡಿ ಒಣಗಿಸಿ. ಎಲ್ಲಾ ಜೋಡಿಸುವ ಮುಂಚೆ ಗುಂಡಿಯಲ್ಲಿ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿ, ಒಂದು ಜೋರು ಮಳೆ ಆಗುವ ತನಕ ಟ್ರಿಮ್ ಹಾಕಬೇಡಿ.