ಹಕ್ಕರಕಿ, ಬಾರಿಹಣ್ಣು ಆಯುವುದು ಹೇಗೆ?

ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಗದಗ, ಮುಂಡರಗಿ, ಶಿರಹಟ್ಟಿ ಸುತ್ತಿನ ಎರೆಹೊಲಗಳಲ್ಲಿ ಹಸಿಯಾಗಿ ತಿನ್ನುವ ಹಕ್ಕರಕಿ ಸೊಪ್ಪು ಹಬ್ಬಿರುತ್ತದೆ. ಚಳಿ ಬಲಿಯುತ್ತಿದ್ದಂತೆ ಬದುವಿನ ಬಾರಿಗಿಡಗಳೂ (ಬೋರೆ, ಎಲಚಿ ಎಂದೂ ಕರೆಯುತ್ತಾರೆ) ಹಣ್ಣಾಗುತ್ತವೆ. ಆಯಲು ಹೊರಡುವವರು ಮೊದಲು ಜಾಗ ಗೊತ್ತುಮಾಡಿಕೊಳ್ಳಬೇಕು. ಇದೇ ಸೀಮೆಯ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಗಿದ್ದು, ಅಲ್ಲಿನ ಸೊಪ್ಪು, ಹಣ್ಣನ್ನು ಅನುಮತಿಯಿಲ್ಲದೆ ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ನಮಗೆ ಹೊಲದ ಬದು, ಹಳ್ಳದ ದಂಡೆ ಸಾಕು. ಅಲ್ಲಿಗೂ ಹೊಲದವರನ್ನು ಕೇಳಿಯೇ ಇಳಿಯಬೇಕು. ಕಳೆನಾಶಕ ಹೊಡೆದಿದೆಯೋ ಇಲ್ಲವೋ ಎಂಬುದು ಅವರಿಗೇ ಗೊತ್ತು.

ಬಿಸಿಲೇರಿದ ಮೇಲೆ ಹೋಗುವುದು ಲೇಸು. ನಸುಕು, ಮುಸ್ಸಂಜೆಗಳು ಕಾಡುಹಂದಿ ಮೇವಿಗೆ ಬರುವ ವೇಳೆ. ಮಣ್ಣು ಹೊಸದಾಗಿ ಕೆದರಿ ಬಿದ್ದಿದ್ದರೆ ಆ ಬದುವನ್ನು ಬಿಟ್ಟು ಮುಂದೆ ನಡೆಯಬೇಕು.

ಇನ್ನು ಗುರುತು ಹಿಡಿಯುವ ಕೆಲಸ. ಹಕ್ಕರಕಿ ನೆಲಕ್ಕೆ ಅಂಟಿಕೊಂಡು ಸುತ್ತಲೂ ಎಲೆ ಹರಡುತ್ತದೆ, ಎಲೆಯಂಚು ಹಲ್ಲುಹಲ್ಲಾಗಿರುತ್ತದೆ, ಮುರಿದರೆ ಹಾಲು ಒಸರುತ್ತದೆ. ಹಾಲನ್ನೊಂದನ್ನೇ ನಂಬುವಂತಿಲ್ಲ, ವಿಷದ ಎಕ್ಕೆಯಲ್ಲೂ ಹಾಲಿದೆ. ಪ್ರಾಣಿಗಳು ತಿಂದದ್ದನ್ನು ನಾವೂ ತಿನ್ನಬಹುದೆಂಬ ಮಾತು ಇನ್ನೂ ಅಪಾಯಕಾರಿ. ಆಡು ಮುಟ್ಟದ ಸೊಪ್ಪಿಲ್ಲ ಎಂದಮೇಲೆ ಆಡನ್ನು ಸಾಕ್ಷಿ ಕರೆದು ಪ್ರಯೋಜನವೇನು? ಹಕ್ಕಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗುವುದಿಲ್ಲ. ಹೊಸಬರು ವರ್ಷವೂ ಆಯುವ ಅಜ್ಜಿಯೊಬ್ಬರ ಜೊತೆಗೆ ಹೋಗಿ, ಅವರು ಹೌದೆಂದ ಎಲೆಯನ್ನಷ್ಟೇ ಉಡಿಗೆ ಹಾಕಿಕೊಳ್ಳಬೇಕು.

ಬಾರಿಗಿಡದ ಬುಡವನ್ನು ಮೊದಲು ಕೋಲಿನಿಂದ ಬಡಿಯಬೇಕು, ಹಾವಿದ್ದರೆ ಸರಿದುಹೋಗುತ್ತದೆ. ಅದರ ಮುಳ್ಳುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ: ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಾಗಿ ಹಿಂದಕ್ಕೆ ಬಾಗಿರುತ್ತದೆ. ಒಳಗೆ ಸಲೀಸಾಗಿ ಹೋದ ಕೈ ಹೊರಬರುವಾಗ ಸಿಕ್ಕಿಕೊಳ್ಳುವುದು ಈ ಕೊಕ್ಕೆಗೇ. ಆದ್ದರಿಂದ ಟೊಂಗೆಯನ್ನು ಕೋಲಿನಿಂದ ಬಾಗಿಸಿ ಹೊರಗಿನಿಂದಲೇ ಬಿಡಿಸಬೇಕು.

ಯಾವಾಗ ನಿಲ್ಲಿಸಬೇಕೆಂಬ ವಿಷಯದಲ್ಲಿ ಮಾತ್ರ ಪ್ರಾಣಿಗಳಿಂದ ಕಲಿಯುವುದು ಬಹಳವಿದೆ. ಒಂದು ಗಿಡದಲ್ಲಿ ಸಿಗುವ ಮೇವು ಕಡಿಮೆಯಾಗುತ್ತ, ಅಲೆದಾಟದ ವೇಳೆಯನ್ನೂ ಸೇರಿಸಿ ಆ ಪ್ರದೇಶದಲ್ಲಿ ಸಿಗುವ ಸರಾಸರಿಗೆ ಇಳಿದಾಗ, ಗಿಡ ಬರಿದಾಗದಿದ್ದರೂ ಮುಂದಕ್ಕೆ ಹೋಗುವುದೇ ಲಾಭವೆಂದು ಜೀವವಿಜ್ಞಾನಿ ಎರಿಕ್ ಚಾರ್ನಾವ್ 1976ರಲ್ಲಿ ಗಣಿತದ ಮೂಲಕ ತೋರಿಸಿದರು. ಮುಂದಿನ ಗಿಡ ದೂರವಿದ್ದಷ್ಟೂ ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸರಿ. ಚೀಲ ಹಿಡಿದ ಮನುಷ್ಯನೇ ಈ ಲೆಕ್ಕ ಮರೆತು ಕೊನೆಯ ಕಾಯಿಯವರೆಗೂ ಟೊಂಗೆ ಜಗ್ಗುವವನು. ಕೈಗೆ ಸುಲಭವಾಗಿ ಸಿಕ್ಕಷ್ಟನ್ನು ಬಿಡಿಸಿಕೊಂಡು ಹೊರಡಬೇಕು, ಉದುರಿದ್ದನ್ನು ಅಲ್ಲೇ ಬಿಡಬೇಕು. ಅದನ್ನು ತಿನ್ನುವ ನರಿ ಹಿಕ್ಕೆಯಲ್ಲಿ ಬೀಜ ಹಾಕಿದ ಕಡೆ ಹೊಸ ಗಿಡ ಹುಟ್ಟುತ್ತದೆ. ಹಕ್ಕರಕಿಯ ಎಲೆಯನ್ನಷ್ಟೇ ಚಿವುಟಿದರೆ ಬೇರು ಮತ್ತೆ ಚಿಗುರುತ್ತದೆ.

ಮನೆಗೆ ಬಂದಮೇಲೆ ಬಾರಿಹಣ್ಣನ್ನು ಸೀಳಿ ಹುಳ ನೋಡಿಯೇ ತಿನ್ನಬೇಕು. ಹಕ್ಕರಕಿಯನ್ನು ಮಣ್ಣು ಹೋಗುವವರೆಗೆ ನಾಲ್ಕಾರು ನೀರಿನಲ್ಲಿ ತೊಳೆದು, ಬಾಡುವ ಮೊದಲೇ ಹಸಿಯಾಗಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರಿನ ಜೊತೆಗೆ ಬಡಿಸಬಹುದು.