ನೆಲಹಾಸಿನ ಮಟ್ಟಕ್ಕೆ ಚರಂಡಿ ಮುಚ್ಚಳವನ್ನು ಹೊಂದಿಸಿದ ಬಗೆ

ಅಂಗಳಕ್ಕೆ ಹೊಸ ಕಲ್ಲುಹಾಸು ಹಾಕುವಾಗ ನೆಲದ ಮಟ್ಟ ಸುಮಾರು 40 ಮಿಲಿಮೀಟರ್ ಏರಿದ್ದರಿಂದ, ಚರಂಡಿ ಗುಂಡಿಯ ಮುಚ್ಚಳ ತಗ್ಗಿನಲ್ಲಿ ಉಳಿದು ಅಲ್ಲಿ ನೀರು ನಿಲ್ಲುವಂತಾಗಿತ್ತು. ಮುಚ್ಚಳದ ಮೇಲೆಯೇ ಕಲ್ಲು ಹಾಸಿಬಿಡುವ ಸಲಹೆಯನ್ನು ನಾನು ಒಪ್ಪಲಿಲ್ಲ. ಕೊಳವೆ ಕಟ್ಟಿಕೊಂಡಾಗ ಅದನ್ನು ತೆರೆಯಲೇಬೇಕಾಗುತ್ತದೆ.

ಮೊದಲು ಗೋಡೆಯಿಂದ ಹೊರಕ್ಕೆ 60ಕ್ಕೆ 1ರಂತೆ, ಅಂದರೆ 60 ಸೆಂಟಿಮೀಟರ್ ದೂರಕ್ಕೆ 1 ಸೆಂಟಿಮೀಟರ್ ಇಳಿಯುವ ಹಾಗೆ ದಾರ ಕಟ್ಟಿದೆ. ಚೂರುಗಳು ಕೊಳವೆಗೆ ಬೀಳದಂತೆ ಗುಂಡಿಯೊಳಗೆ ಹಲಗೆಯಿಟ್ಟು, ಹಳೆಯ ಗಾರೆಯನ್ನು ಒಡೆದು, ಮುಚ್ಚಳ ಕೂರುವ ಚೌಕಟ್ಟನ್ನು ಬಿಡಿಸಿದೆ. ಬಳಿಕ ಗುಂಡಿಯ ಅಂಚನ್ನು ಉಜ್ಜಿ ತೇವಗೊಳಿಸಿ, ತೆಳುವಾದ ಗಟ್ಟಿ ಇಟ್ಟಿಗೆಯ ತುಂಡುಗಳನ್ನು 1:3 ಸಿಮೆಂಟು-ಮರಳಿನ ಗಾರೆಯಲ್ಲಿ ಕೂರಿಸಿ, ಅವುಗಳ ಮೇಲೆ ಚೌಕಟ್ಟನ್ನಿಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ದಾರದ ಮಟ್ಟಕ್ಕೆ ತಂದೆ. ಚೌಕಟ್ಟು ಸಮತಲವಾಗಿರದೆ ನೆಲದ ಇಳಿಜಾರನ್ನೇ ಅನುಸರಿಸಬೇಕು ಎಂಬುದು ಇಲ್ಲಿ ಬಹಳ ಮುಖ್ಯ, ಇಲ್ಲವಾದರೆ ಒಂದು ಅಂಚು ಮೇಲೆದ್ದು ಕಾಲಿಗೆ ತಾಗುತ್ತದೆ. ತಟ್ಟುವಾಗ ಮುಚ್ಚಳ ಚೌಕಟ್ಟಿನೊಳಗೇ ಇರಬೇಕು. ಖಾಲಿ ಚೌಕಟ್ಟು ತಿರುಚಿಕೊಂಡರೆ ಮುಚ್ಚಳ ಕೊನೆಯವರೆಗೂ ಅಲುಗಾಡುತ್ತಲೇ ಇರುತ್ತದೆ.

ಮಳೆನೀರಿನ ಜಾಲರಿಯನ್ನು ಮಾತ್ರ, ನೀರು ಸುತ್ತಲಿಂದ ಹರಿದು ಬರಲೆಂದು, ಕಲ್ಲಿಗಿಂತ 5 ಮಿಲಿಮೀಟರ್ ಕೆಳಗಿರಿಸಿದೆ. ಗಾರೆ ಗಟ್ಟಿಯಾದ ಮೇಲಷ್ಟೇ ಸುತ್ತಲಿನ ಕಲ್ಲುಗಳನ್ನು ಕತ್ತರಿಸಿ ಜೋಡಿಸಿದ್ದು. ಮುಚ್ಚಳದ ಅಂಚಿಗೆ ಗ್ರೀಸ್ ಹಚ್ಚಿರುವುದರಿಂದ ಮರಳು ಸೇರಿ ಬಿಗಿದುಕೊಳ್ಳುವ ತೊಂದರೆಯೂ ಈಗಿಲ್ಲ.