ಮಾವನ 212, ನನ್ನ 258

ತಾಳಮದ್ದಳೆಗೆ ಬೇಕು ಅಂತ ನಮ್ಮಜ್ಜ ಕೈಯಲ್ಲಿ ಬರೆದಿಟ್ಟುಕೊಂಡ ಪ್ರಸಂಗಗಳು ಹನ್ನೊಂದು ನೋಟುಪುಸ್ತಕಗಳಲ್ಲಿ ಅಟ್ಟದ ಮೇಲೆ ಇದ್ದವು. ಎರಡಕ್ಕೆ ಆಗಲೇ ಗೆದ್ದಲು ಹಿಡಿದಿತ್ತು. ಇನ್ನು ತಡ ಮಾಡಿದರೆ ಉಳಿಯುವುದಿಲ್ಲ ಅಂತ ಕಳೆದ ಮಳೆಗಾಲದಲ್ಲಿ ಟೈಪ್ ಮಾಡಲು ಕೂತೆವು, ನಾನು ಮತ್ತು ಅಕ್ಕನ ಮಗಳು. ತಿದ್ದುವ ಕೆಲಸ ಪೆರ್ಲದ ಮಾವನದ್ದು. ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ದೂರವೇನೂ ಜಾಸ್ತಿ ಇಲ್ಲ, ಆದರೆ ಜುಲೈ ಮಳೆಯಲ್ಲಿ ದಿನಾ ಬಸ್ಸು ಹಿಡಿದು ಹೋಗಿ ಬರುವುದು ಆಗುವ ಮಾತಲ್ಲ. ಮಾವನಿಗೆ ಸ್ಕ್ರೀನಿನಲ್ಲಿ ಓದಲಿಕ್ಕೆ ಆಗುವುದಿಲ್ಲ. ಹಾಗಾಗಿ ನಾನು ಪ್ರಿಂಟ್ ತೆಗೆದು ಕಳಿಸುವುದು, ಅವರು ಫೋನಿನಲ್ಲಿ ತಪ್ಪು ಹೇಳುವುದು, ನಾನು ಇಲ್ಲಿ ತಿದ್ದುವುದು ಅಂತ ಒಪ್ಪಂದ ಆಯಿತು.

ಮೊದಲ ದಿನ "ಮೂರನೇ ಪುಟ, ಮೇಲಿನಿಂದ ಒಂದು ಏಳೆಂಟನೇ ಗೆರೆ ನೋಡು" ಅಂದರು. ನನ್ನ ಟೆಕ್ಸ್ಟ್ ಫೈಲಿಗೆ ಪುಟ ಎಲ್ಲಿದೆ? ಅರ್ಧ ಗಂಟೆಯಲ್ಲಿ ನಾಲ್ಕು ತಪ್ಪು ತಿದ್ದಿದೆವು ಅಷ್ಟೇ.

ಆಗ ನೆನಪಾದದ್ದು ಎನ್ಎಲ್. ಲಿನಕ್ಸಿನ ಟರ್ಮಿನಲ್ಲಿನಲ್ಲಿ ಎನ್, ಎಲ್ ಅಂತ ಎರಡು ಸಣ್ಣಕ್ಷರ ಒತ್ತಿ, ಪಕ್ಕದಲ್ಲಿ ಫೈಲಿನ ಹೆಸರು ಕೊಟ್ಟರೆ ಸಾಲಿಗೊಂದು ನಂಬರ್ ಹಾಕಿ ತೋರಿಸುತ್ತದೆ. ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಲಿನಕ್ಸಿನಲ್ಲೇ ಆಗುವುದರಿಂದ ನಮ್ಮ ಕಡೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೂ ಆ ಕಪ್ಪು ಕಿಟಕಿ ಕಂಡರೆ ಹೆದರಿಕೆ ಇಲ್ಲ, ಅದೊಂದು ಲಾಭ. ಎನ್ಎಲ್ ಹಾಕಿದೆ, ಪ್ರಿಂಟ್ ತೆಗೆದೆ, ಕಳಿಸಿದೆ.

ಎರಡು ದಿನ ಬಿಟ್ಟು ಫೋನ್ ಬಂತು.

"212ರಲ್ಲಿ ಬಾಣಕ್ಕೆ ನೀನು 'ನ' ಹಾಕಿದ್ದಿ, 'ಣ' ಮಾಡು."

"ಮಾವ, ನನ್ನ 212ರಲ್ಲಿ ಬಾಣವೇ ಇಲ್ಲ."

"ಹಾಗಾದರೆ ಅಲ್ಲಿ ಎಂತ ಉಂಟು?"

"ಎಂತದ್ದೂ ಇಲ್ಲ. ಖಾಲಿ."

"ಬಾಣ ಎಲ್ಲಿಗೆ ಹೋಯಿತು ಮಾರಾಯ?"

ಬಾಣ ನನ್ನ ಎಡಿಟರಿನಲ್ಲಿ 258ನೇ ಸಾಲಿನಲ್ಲಿ ಇತ್ತು. ವ್ಯತ್ಯಾಸ 46. ಅದಕ್ಕಿಂತ ಮೇಲಿದ್ದ ಖಾಲಿ ಸಾಲುಗಳನ್ನು ಎಣಿಸಿದೆ, ಸರಿಯಾಗಿ 46. ವಿಷಯ ಏನೆಂದರೆ ನಾವು ಬೇರೆ ಏನೂ ಹೇಳದಿದ್ದರೆ ಎನ್ಎಲ್ ಖಾಲಿ ಸಾಲಿಗೆ ನಂಬರ್ ಕೊಡುವುದಿಲ್ಲ. ಎಡಿಟರ್ ಎಲ್ಲವನ್ನೂ ಎಣಿಸುತ್ತದೆ. ಪ್ರಸಂಗದಲ್ಲಿ ಒಂದೊಂದು ಪದ್ಯ ಮುಗಿದಾಗಲೂ ಒಂದು ಸಾಲು ಬಿಟ್ಟಿರುತ್ತೇವಲ್ಲ, ಕೆಳಗೆ ಹೋದಷ್ಟೂ ನಮ್ಮಿಬ್ಬರ ಲೆಕ್ಕ ದೂರ ದೂರ ಆಗುತ್ತಾ ಹೋಗಿತ್ತು.

ಪರಿಹಾರ ಸಣ್ಣದು. ಎನ್ಎಲ್ ಆದ ಮೇಲೆ ಒಂದು ಸ್ಪೇಸ್, ಆಮೇಲೆ ಮೈನಸ್ ಚಿಹ್ನೆ, ಬಿ, ಎ. ಬಿ ಅಂದರೆ ಬಾಡಿ, ಎ ಅಂದರೆ ಆಲ್. ಎಲ್ಲ ಸಾಲಿಗೂ ನಂಬರ್. ಫೈಲನ್ನು ಪರದೆಯಲ್ಲಿ ತೋರಿಸುವ ಕ್ಯಾಟ್ ಕಮಾಂಡಿಗೆ ಮೈನಸ್ ಎನ್ ಕೊಟ್ಟರೂ ಇದೇ ಕೆಲಸ ಆಗುತ್ತದೆ, ಇಷ್ಟೇ ಸಾಕು ಅನ್ನುವವರು ಅದನ್ನೇ ಬಳಸಬಹುದು. ನನಗೆ ಎನ್ಎಲ್ ಯಾಕೆ ಬೇಕಾಯಿತು ಅಂತ ಮುಂದೆ ಹೇಳುತ್ತೇನೆ.

ಇದರ ನಡುವೆ ಇನ್ನೊಂದು ತಮಾಷೆ. ಅಕ್ಕನ ಮಗಳು ಟೈಪ್ ಮಾಡಿದ ಫೈಲುಗಳಲ್ಲಿ ಮಾತ್ರ ಸುಮ್ನೆ ಎನ್ಎಲ್ ಹಾಕಿದರೂ ಖಾಲಿ ಸಾಲಿಗೆ ನಂಬರ್ ಬಿದ್ದಿತ್ತು. ಅವಳದ್ದು ವಿಂಡೋಸ್ ಲ್ಯಾಪ್‌ಟಾಪ್, ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಅಂತ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಕೂತಿರುತ್ತದೆ. ನಮ್ಮ ಕಣ್ಣಿಗೆ ಅದು ಖಾಲಿ ಸಾಲು, ಎನ್ಎಲ್ ಪಾಲಿಗೆ ಅಲ್ಲ. ಬರೀ ಒಂದು ಸ್ಪೇಸ್ ಒತ್ತಿ ಬಿಟ್ಟ ಸಾಲಿನದ್ದೂ ಅದೇ ಕತೆ. ಕಾಣದ ಅಕ್ಷರಗಳನ್ನೂ ತೋರಿಸು ಅಂತ ಕ್ಯಾಟ್‌ಗೆ ಮೈನಸ್ ದೊಡ್ಡ ಎ ಕೊಟ್ಟು ನೋಡಿದಾಗ ಗುಟ್ಟು ಗೊತ್ತಾಯಿತು. ಡಾಸ್‌ಟುಯುನಿಕ್ಸ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿ ಆ ಕ್ಯಾರೇಜ್ ರಿಟರ್ನ್‌ಗಳನ್ನೆಲ್ಲ ತೆಗೆದೆ.

ನಂಬರಿನ ಜಾಗವನ್ನೂ ಸ್ವಲ್ಪ ಹೊಂದಿಸಬೇಕಾಯಿತು. ಎನ್ಎಲ್ ತಾನಾಗಿ ನಂಬರಿಗೆ ಆರು ಅಂಕಿಯಷ್ಟು ಜಾಗ ಇಟ್ಟು, ಆಮೇಲೆ ಒಂದು ಟ್ಯಾಬ್ ಹಾಕುತ್ತದೆ. ಷಟ್ಪದಿಯ ಉದ್ದ ಸಾಲುಗಳು ಬಲಕ್ಕೆ ತಳ್ಳಿಸಿಕೊಂಡು ಕಾಗದದಲ್ಲಿ ಮುರಿದು ಎರಡೆರಡಾಗಿ ಬಂದವು. ಮೈನಸ್ ಡಬ್ಲ್ಯೂ 4 ಅಂತ ಅಗಲ ಇಳಿಸಿದೆ, ಮೈನಸ್ ಎಸ್ ಕೊಟ್ಟು ಉಲ್ಲೇಖ ಚಿಹ್ನೆಯೊಳಗೆ ಎರಡು ಸ್ಪೇಸ್ ಇಟ್ಟೆ, ಸರಿಹೋಯಿತು. ಚಂದ ಕಾಣಲಿ ಅಂತ ಒಮ್ಮೆ ಮೈನಸ್ ಎನ್ ಆರ್‌ಝಡ್ ಹಾಕಿ ಮುಂದೆ ಸೊನ್ನೆ ಬರಿಸಿದ್ದೆ, 0012, 0013 ಹೀಗೆ. "ಇದೆಂತದ್ದು, ಲಾಟರಿ ಟಿಕೇಟಾ?" ಅಂದರು ಮಾವ. ತೆಗೆದೆ.

ಹೊಸಬರು ಒಂದು ವಿಷಯದಲ್ಲಿ ಜಾಗ್ರತೆ ಇರಬೇಕು. ಎನ್ಎಲ್ ಮೂಲ ಫೈಲನ್ನು ಮುಟ್ಟುವುದಿಲ್ಲ, ನಂಬರ್ ಹಾಕಿದ್ದನ್ನು ಪರದೆಗೆ ಬಿಡುತ್ತದೆ ಅಷ್ಟೇ. ಅದನ್ನು ಉಳಿಸಲು ಕೊನೆಗೆ ಬಲಕ್ಕೆ ತಿರುಗಿದ ಬಾಣದ ತುದಿಯಂಥ ಗ್ರೇಟರ್ ದ್ಯಾನ್ ಚಿಹ್ನೆ ಹಾಕಿ ಬೇರೆ ಹೆಸರು ಕೊಡಬೇಕು. ನಾನು ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಅದೇ ಹೆಸರು ಕೊಟ್ಟೆ. ಎನ್ಎಲ್ ಓದಲು ಶುರು ಮಾಡುವ ಮೊದಲೇ ಶೆಲ್, ಅಂದರೆ ನಾವು ಒತ್ತಿದ ಕಮಾಂಡನ್ನು ಓಡಿಸುವ ಪ್ರೋಗ್ರಾಂ, ಆ ಫೈಲನ್ನು ಒರೆಸಿ ಖಾಲಿ ಮಾಡಿರುತ್ತದೆ, ಹಾಗಾಗಿ ಮೂರನೇ ಪುಸ್ತಕ ಪೂರ್ತಿ ಮಾಯ. ಪುಣ್ಯಕ್ಕೆ ಪೆನ್‌ಡ್ರೈವಿನಲ್ಲಿ ಹಿಂದಿನ ದಿನದ ಪ್ರತಿ ಇತ್ತು.

ಹನ್ನೊಂದು ಫೈಲುಗಳನ್ನು ಒಟ್ಟಿಗೆ ಕೊಟ್ಟರೆ ಎನ್ಎಲ್ ಒಂದೇ ಫೈಲು ಅಂತ ಭಾವಿಸಿ ಎಣಿಕೆ ಮುಂದುವರಿಸುತ್ತದೆ, ಹೊಸ ಫೈಲಿಗೆ ಮತ್ತೆ ಒಂದರಿಂದ ಶುರು ಮಾಡುವುದಿಲ್ಲ. ಎಡಿಟರಿನಲ್ಲಿ ಬೇರೆ ಬೇರೆ ತೆರೆದರೆ ಮತ್ತೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಮೊದಲೇ ಎಲ್ಲವನ್ನೂ ಸೇರಿಸಿ ಒಂದು ಫೈಲು ಮಾಡಿದೆ. ಸೇರಿಸುವಾಗ 1 ಆದ ಮೇಲೆ 10, 11, ಆಮೇಲೆ 2 ಬಂದು ಕತೆ ಅಡಿಮೇಲಾಯಿತು, ಹೆಸರುಗಳನ್ನು 01, 02 ಅಂತ ಬದಲಾಯಿಸಿದ ಮೇಲೆ ಸರಿಯಾಯಿತು.

ಇನ್ನು ತಿದ್ದುವ ರೀತಿ. ಮಾವ ಮೇಲಿನಿಂದ ಕೆಳಗೆ ಓದುತ್ತಾರೆ, ಅದು ಸರಿ. ಆದರೆ ನಾನು ಹಾಗೇ ತಿದ್ದುತ್ತಾ ಹೋದರೆ, 40ರಲ್ಲಿ ಬಿಟ್ಟುಹೋದ ಒಂದು ಸಾಲು ಸೇರಿಸಿದ ಕೂಡಲೇ ಕೆಳಗಿನ ನಂಬರೆಲ್ಲ ಒಂದೊಂದು ಮುಂದೆ ಜಾರುತ್ತವೆ, ಅವರ ಕೈಯಲ್ಲಿರುವ ಕಾಗದ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಅವರು ಹೇಳಿದ್ದನ್ನೆಲ್ಲ ಮೊದಲು ಒಂದು ಕಾಗದದಲ್ಲಿ ಬರೆದುಕೊಂಡೆ, ಆಮೇಲೆ ಕೊನೆಯ ನಂಬರಿನಿಂದ ಹಿಂದಕ್ಕೆ ತಿದ್ದುತ್ತಾ ಬಂದೆ. ಕೆಳಗೆ ಏನು ಸೇರಿಸಿದರೂ ಮೇಲಿನದ್ದು ಅಲುಗಾಡುವುದಿಲ್ಲ ಅಲ್ವಾ.

ಎನ್ಎಲ್ ಯಾಕೆ ಬೇಕು ಅಂದೆನಲ್ಲ. ಮಾವನಿಗೆ ಪದ್ಯಗಳ ಲೆಕ್ಕವೂ ಬೇಕಿತ್ತು. ಪದ್ಯದ ತಲೆಯಲ್ಲಿ ರಾಗ ಭೈರವಿ, ಝಂಪೆತಾಳ ಅಂತ ಒಂದು ಸಾಲು ಇರುತ್ತದೆ. ಮೈನಸ್ ಬಿ ಆದ ಮೇಲೆ ಎ ಬದಲು ಪಿ ಹಾಕಿ, ಅದಕ್ಕೆ ಅಂಟಿಸಿ ಟೋಪಿಯಂಥ ಚಿಹ್ನೆ, ಆಮೇಲೆ ರಾಗ ಎಂಬ ಪದ ಬರೆದರೆ, ರಾಗ ಅಂತ ಶುರುವಾಗುವ ಸಾಲಿಗೆ ಮಾತ್ರ ನಂಬರ್ ಬೀಳುತ್ತದೆ. ಕನ್ನಡ ಅಕ್ಷರವನ್ನೂ ಅದು ತಕರಾರಿಲ್ಲದೆ ಹುಡುಕಿತು. ಭಾಮಿನಿ, ವಾರ್ಧಕ, ಕಂದ ಇವು ಮೊದಲು ತಪ್ಪಿಹೋದವು, ಅವುಗಳ ತಲೆಯಲ್ಲಿ ರಾಗ ಅನ್ನುವ ಪದವೇ ಇಲ್ಲವಲ್ಲ. ಆ ಪದಗಳನ್ನೂ ಸೇರಿಸಿದೆ.

ಗೆದ್ದಲು ತಿಂದ ಕಡೆ ಟೈಪ್ ಮಾಡುವಾಗಲೇ ನಾಲ್ಕು ಹ್ಯಾಷ್ ಚಿಹ್ನೆ ಹಾಕಿಟ್ಟಿದ್ದೆವು. ಬೇಕಾದ ಪದ ಇರುವ ಸಾಲು ಹುಡುಕುವ ಗ್ರೆಪ್ ಕಮಾಂಡಿಗೆ ಮೈನಸ್ ಎನ್ ಕೊಟ್ಟು ಆ ಸಾಲುಗಳ ನಂಬರ್ ಮಾತ್ರ ಎತ್ತಿ ಮಾವನಿಗೆ ಓದಿ ಹೇಳಿದೆ. ಗ್ರೆಪ್ ಖಾಲಿ ಸಾಲನ್ನೂ ಎಣಿಸುತ್ತದೆ, ಹಾಗಾಗಿ ಅವರ ಕಾಗದಕ್ಕೆ ಸರಿಯಾಗಿ ಹೊಂದಿತು. ಒಟ್ಟು ಹದಿನಾಲ್ಕು. ಆರನ್ನು ಮಾವ ಬಾಯಿಪಾಠದಿಂದಲೇ ಹೇಳಿ ಬರೆಸಿದರು. ಉಳಿದ ಎಂಟಕ್ಕೆ ನೀರ್ಚಾಲು ಕಡೆಯ ಭಾಗವತರೊಬ್ಬರನ್ನು ಕೇಳಿ ನೋಡುತ್ತೇನೆ ಅಂದಿದ್ದಾರೆ, ನಂಬರಿನ ಚೀಟಿ ಅವರ ಅಂಗಿಯ ಕಿಸೆಯಲ್ಲಿದೆ.